ಭಾನುವಾರ ಮಾತ್ರ ನಡೆಯುತ್ತಿದ್ದ ಮೊಮ್ಮಗಳು

ನನ್ನ ಮೊಮ್ಮಗಳಿಗೆ ಹದಿನೈದು ತಿಂಗಳು ತುಂಬಿದರೂ ನಡಿಗೆ ಬಂದಿರಲಿಲ್ಲ. ಹಲ್ಲು ಬಂದಿದ್ದವು. ಮಾತು ಬಂದಿತ್ತು, ಅಜ್ಜಿ ಅನ್ನುವುದಕ್ಕೆ "ಜ್ಜೀ" ಅನ್ನುತ್ತಿದ್ದಳು, "ಬ್ಯಾಡ" ಅನ್ನುವುದನ್ನು ಮಾತ್ರ ಪೂರ್ತಿಯಾಗಿ, ಸ್ಪಷ್ಟವಾಗಿ ಅನ್ನುತ್ತಿದ್ದಳು. ಸಿಟ್ಟನ್ನಂತೂ ಹುಟ್ಟುವಾಗಲೇ ಮುಷ್ಟಿಯಲ್ಲಿ ಹಿಡಿದುಕೊಂಡು ಬಂದಿದ್ದಳು. ನಡಿಗೆಯೊಂದು ಬರಲಿಲ್ಲ. ಅವಳಿಗೇನು ಅವಸರ? ನನ್ನ ಟೊಂಕವೇ ಅವಳ ಕಾರು. ಕೂದಲು ಎಡಕ್ಕೆ ಜಗ್ಗಿದರೆ ಅಡುಗೆಮನೆ, ಬಲಕ್ಕೆ ಜಗ್ಗಿದರೆ ಅಂಗಡಿ, ಕಿವಿ ಹಿಂಡಿದರೆ ಹಾರ್ನು.

ಇದನ್ನೆಲ್ಲ ಬರೆದಿಡಿ ಅಂತ ಗಂಟುಬಿದ್ದವಳು ಸೊಸೆ. ನಾನು ಮೂರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು, ಒತ್ತಕ್ಷರ ಬಂದರೆ ಪೆನ್ನು ಕೆಳಗಿಡುತ್ತೇನೆ. "ನೀವು ಬರೀರಿ ಅತ್ತಿ, ತಪ್ಪು ಇದ್ರ ನಾ ತಿದ್ದತೀನಿ" ಅಂದಳು. ತಿದ್ದಿದ್ದಾಳೆ. ಅಕ್ಷರ ಬೇಕಾದಷ್ಟು ತಿದ್ದು, ನನ್ನ ಖುಷಿಯನ್ನು ಮಾತ್ರ ತಿದ್ದಬೇಡ ಅಂತ ಹೇಳಿದ್ದೇನೆ.

ನಮ್ಮ ಮನೆ ಹೊಸಪೇಟೆಯ ಬಜಾರಿನಲ್ಲಿದೆ. ಕೆಳಗೆ ಪಾತ್ರೆ ಅಂಗಡಿ, ಮೇಲೆ ನಾವು. ಮೇಲೆ ಎರಡು ಕೋಣೆ. ಮಂಚ, ಬೀರು, ಟಿ.ವಿ., ಹೊಲಿಗೆ ಯಂತ್ರ ಇಟ್ಟ ಮೇಲೆ ಉಳಿದ ಜಾಗದಲ್ಲಿ ನಾವೇ ಅಡ್ಡಡ್ಡ ನಡೆಯುತ್ತೇವೆ. ಕೆಳಗೆ ಅಂಗಡಿಯಲ್ಲಿ ಕಾಲಿಟ್ಟರೆ ಕೊಡ ಉರುಳುತ್ತದೆ. ಅಂಗಡಿಯ ಮೆಟ್ಟಿಲು ಇಳಿದರೆ ರಸ್ತೆ, ರಸ್ತೆಯೆಂದರೆ ಗಾಲಿ. ಫುಟ್‌ಪಾತ್ ಇರಲಿಲ್ಲವೇ ಅಂತ ನೀವು ಕೇಳಬಹುದು. ಇತ್ತು. ಅದರ ಮೇಲೆ ನಮ್ಮ ಕಾರು ನಿಲ್ಲುತ್ತಿತ್ತು.

ಆ ಕಾರು ನನ್ನ ಯಜಮಾನರದು. ಬಿಳಿ ಬಣ್ಣದ್ದು. ಅವರು ಅದನ್ನು ಓಡಿಸಿದ್ದಕ್ಕಿಂತ ಒರೆಸಿದ್ದೇ ಹೆಚ್ಚು. ಮಗ ಕಾರ್ಖಾನೆಯ ಶಿಫ್ಟಿಗೆ ಬಸ್ಸಿನಲ್ಲೇ ಹೋಗುತ್ತಾನೆ, ಅವನಿಗೆ ಕಾರಿನ ಮೇಲೆ ಹಕ್ಕಿಲ್ಲ. ವರ್ಷಕ್ಕೆ ನಾಲ್ಕು ಸಲ ಹಂಪಿಗೆ, ಮದುವೆ ಸುಗ್ಗಿಯಲ್ಲಿ ಕಂಪ್ಲಿಗೆ, ಎಮ್ಮಿಗನೂರಿನ ನನ್ನ ತವರಿಗೆ, ಅಷ್ಟೆ. ಉಳಿದ ದಿನ ಅದು ಅಂಗಡಿಯ ಮುಂದೆ ಬೀಗರ ಹಾಗೆ ಕುಳಿತಿರುತ್ತಿತ್ತು.

ಬೀಗರು ಅಂದ ಕೂಡಲೇ ಸಂಡೂರಿನ ಬೀಗಿತ್ತಿಯ ಸುದ್ದಿ ಹೇಳಲೇಬೇಕು. ಬೀಗಿತ್ತಿ ಅಂದರೆ ನನ್ನ ಸೊಸೆಯ ತಾಯಿ, ಮೊಮ್ಮಗಳ ಇನ್ನೊಬ್ಬ ಅಜ್ಜಿ. ಒಳ್ಳೆಯ ಹೆಂಗಸು. ಅವರಲ್ಲಿ ಒಂದೇ ಒಂದು ದೋಷ: ಅವರ ಮನೆಗೆ ಅಂಗಳವಿದೆ. ಸಗಣಿ ಸಾರಿಸಿದ, ಬೇವಿನ ನೆರಳಿನ, ಎರಡು ಎತ್ತಿನ ಬಂಡಿ ತಿರುಗಿಸಬಹುದಾದಂಥ ಅಂಗಳ. ದಿನಾ ಸಂಜೆ ಫೋನು.

"ನಡದ್ಲೇನ್ರಿ ಕೂಸು?"

"ಇವತ್ತು ನಾಳಿ ಅನ್ನೂಹಂಗ ಅದಾಳ್ರಿ."

"ಹೋದ ತಿಂಗಳೂ ಹಿಂಗ ಅಂದಿದ್ರಿ. ನೋಡ್ರಿ, ನಿಮ್ಮ ಬಜಾರದಾಗ ಕಾಲು ಊರಾಕ ಜಾಗ ಇಲ್ಲ, ಕೂಸರೆ ಏನ್ ಮಾಡಬೇಕು. ಶ್ರಾವಣ ಬರೂದ್ರಾಗ ನಡೀಲಿಲ್ಲ ಅಂದ್ರ ನಾನ ಬಂದು ಕರ್ಕೊಂಡು ಹೋಗ್ತೀನಿ. ನಮ್ಮ ಅಂಗಳದಾಗ ಒಂದು ತಿಂಗಳು ಬಿಟ್ರ ನಡಿಯೂದಲ್ಲ, ಓಡ್ತಾಳ."

ಈ ಮಾತು ನನ್ನ ಎದೆಗೆ ಚುಚ್ಚಿತು. ಕೂಸು ಹುಟ್ಟಿದ್ದು ಅವರ ಮನೆಯಲ್ಲಿ, ತವರು ಅಂತ ಸುಮ್ಮನಿದ್ದೆ. ಬೋರಲು ಬಿದ್ದದ್ದೂ ಅಲ್ಲೇ, ಬಾಣಂತನ ಅಂತ ಸುಮ್ಮನಿದ್ದೆ. ಮೊದಲ ಹೆಜ್ಜೆಯಾದರೂ ನನ್ನ ಕಣ್ಣ ಮುಂದೆ ಬೀಳಬೇಡವೇ? ಅದೂ ಸಂಡೂರಿನ ಪಾಲಾದರೆ ನಾನು ಎಂಥ ಅಜ್ಜಿ?

ಅದೇ ದಿನಗಳಲ್ಲಿ, ಕಾರ ಹುಣ್ಣಿಮೆ ಮುಗಿದ ವಾರ, ಆಟೋಗೆ ಮೈಕು ಕಟ್ಟಿಕೊಂಡು ನಗರಸಭೆಯವರು ಸಾರಿಕೊಂಡು ಹೋದರು. ಇನ್ನು ಎಂಟು ಭಾನುವಾರ ಬಜಾರಿನೊಳಗೆ ಕಾರು, ಜೀಪು, ಟೆಂಪೊ, ಆಟೋ ಯಾವುದೂ ಬರುವಂತಿಲ್ಲ. ಬೈಕು ತಂದವರು ಇಳಿದು ತಳ್ಳಿಕೊಂಡು ಬರಬೇಕು. ಎಂಟು ವಾರವಾದ ಮೇಲೆ ಸಭೆ ಕರೆದು, ಜನ ಬೇಕು ಅಂದರೆ ಮುಂದುವರಿಸುವುದು, ಬೇಡ ಅಂದರೆ ಬಿಡುವುದು.

ಬಜಾರಿಗೆ ಬಜಾರೇ ಕಟ್ಟೆಗೆ ಇಳಿಯಿತು. ಎದುರಿನ ಬಟ್ಟೆ ಅಂಗಡಿಯ ಮಾಲೀಕರು ಲುಂಗಿ ಎತ್ತಿ ಕಟ್ಟಿದರು.

"ಗಿರಾಕಿ ಕಾರಿನ್ಯಾಗಿಂದ ಇಳಿದ್ರ ಕಾಲು ನಮ್ಮ ಕಟ್ಟಿ ಮ್ಯಾಲ ಬೀಳಬೇಕ್ರಿ. ದೂರ ನಿಲ್ಸಿ ನಡಕೊಂತ ಬರೂದ್ರಾಗ ದಾರ್ಯಾಗ ಹತ್ತು ಅಂಗಡಿ ಬರ್ತಾವ. ನಮ್ಮತನಕ ಯಾವನು ಬರ್ತಾನ?"

ಔಷಧದ ಅಂಗಡಿಯವರು ಕೇಳಿದರು, "ಜ್ವರ ಬಂದಾಂವ ಭಾನುವಾರ ಜ್ವರ ಬ್ಯಾಡ ಅಂತಾನೇನು?"

ಚಹಾದಂಗಡಿಯವನೊಬ್ಬ ಮಾತ್ರ ಒಲೆಯ ಮುಂದಿನಿಂದ ಏಳಲಿಲ್ಲ. "ನಡದ್ರ ದಣೀತಾರ, ದಣದ್ರ ಚಾ ಕುಡೀತಾರ. ನಾ ಯಾಕ ಬ್ಯಾಡ ಅನ್ಲಿ?"

"ಲೇ, ನೀ ಸುಮ್ಕಿರಲೇ" ಅಂತ ನಾಲ್ಕು ಕಡೆಯಿಂದ ಬಂತು.

ನನ್ನ ಯಜಮಾನರು ಬಟ್ಟೆ ತೆಗೆದುಕೊಂಡು ಕಾರು ಒರೆಸತೊಡಗಿದರು. ಆವತ್ತು ಎರಡು ಸಲ ಒರೆಸಿದರು. ಅದನ್ನು ನೋಡಿ ನಾನೂ ಕಟ್ಟೆಗೆ ಇಳಿದೆ. ನನ್ನ ಬಾಯಿ ಮೊದಲೇ ದೊಡ್ಡದು. ಭಾನುವಾರವೂ ಗಾಡಿ ಬಿಡಬೇಕು ಅಂತ ಬಟ್ಟೆ ಅಂಗಡಿಯವರು ಅರ್ಜಿ ಬರೆದರು. ಮನೆ ಮನೆಗೆ ಹೋಗಿ ಸಹಿ ಮಾಡಿಸುವ ಕೆಲಸ ನಾನು ಹೊತ್ತೆ. ಮೊದಲ ಸಹಿ ನನ್ನದೇ. ನನ್ನ ಸಹಿ ಬಿಸಿಲಿಗೆ ಮೈಚಾಚಿದ ಹಲ್ಲಿಯ ಹಾಗೆ ಇರುತ್ತದೆ, ಮೂರು ಮಂದಿಯ ಜಾಗ ತಿನ್ನುತ್ತದೆ. ಹಸಿರು ಕೈಚೀಲದಲ್ಲಿ ಅರ್ಜಿ, ಟೊಂಕದ ಮೇಲೆ ಮೊಮ್ಮಗಳು. ಎರಡು ದಿನದಲ್ಲಿ ಬಜಾರಿನ ಎರಡೂ ಮಗ್ಗುಲು ಮುಗಿಸಿದೆ.

ಸೊಸೆ ಸಹಿ ಹಾಕಲಿಲ್ಲ.

"ಅತ್ತಿ, ಹಂಪ್ಯಾಗ ಕಲ್ಲಿನ ರಥದ ಗುಡಿ ನೋಡಾಕ ಹೋದ್ರ ಕಾರು ದೂರ ನಿಲ್ಲಿಸಿ ಬ್ಯಾಟರಿ ಗಾಡಿ ಹತ್ತತೀರಿ, ಇಲ್ಲಾ ನಡೀತೀರಿ. ಅಲ್ಲಿ ಯಾಕ ಅರ್ಜಿ ಕೊಡಂಗಿಲ್ಲ?"

"ಅಲ್ಲಿ ದೇವ್ರದಾನವ್ವಾ. ಇಲ್ಲಿ ಯಾರದಾರ?"

"ಇಲ್ಲಿ ನಿಮ್ಮ ಮೊಮ್ಮಗಳದಾಳ್ರಿ" ಅಂದು ಅವಳು ಒಳಗೆ ಹೋದಳು. ಓದಿದ ಸೊಸೆಯನ್ನು ತಂದುಕೊಂಡರೆ ಇದೊಂದು ತೊಂದರೆ. ಮಾತು ಆಡುತ್ತಾರೆ, ಉತ್ತರ ಕೇಳುವ ಮೊದಲೇ ಹೋಗಿಬಿಡುತ್ತಾರೆ.

ಮೊದಲನೆಯ ಭಾನುವಾರವೇ ನಮಗೆ ಪೆಟ್ಟು ಬಿತ್ತು. ಮೆಟ್ರಿಯಲ್ಲಿ ನನ್ನ ತಂಗಿಯ ಬಸುರಿ ಮಗಳ ಕುಬುಸದ ಕಾರ್ಯ. ಶನಿವಾರ ರಾತ್ರಿಯೇ ಕಾರು ಹೊರಗಿನ ಮೈದಾನದಲ್ಲಿ ಬಿಡಬೇಕು ಅಂತ ಸಾರಿದ್ದರು. ಯಜಮಾನರು ಬಿಡಲಿಲ್ಲ. "ಒಬ್ಬಂಟಿ ಮೈದಾನದಾಗ ಹೆಂಗ ಬಿಡ್ಲಿ ಅದನ್ನ?" ಅಂದರು. ಬೆಳಿಗ್ಗೆ ಎದ್ದು ನೋಡಿದರೆ ಬಜಾರಿನ ಎರಡೂ ಬಾಯಿಗೆ ಅಡ್ಡಗಂಬ. ಇಡೀ ಬಜಾರಿನಲ್ಲಿ ಇದ್ದದ್ದು ಒಂದೇ ಕಾರು, ಅದು ನಮ್ಮದು. ಒಳಗೆ ಬರುವಂತಿಲ್ಲ ಅಂದಮೇಲೆ ಒಳಗಿನಿಂದ ಹೋಗುವಂತೆಯೂ ಇಲ್ಲ.

ನಾನು ರೇಷ್ಮೆ ಸೀರೆ ಉಟ್ಟು, ಕೂಸನ್ನು ಟೊಂಕಕ್ಕೆ ಹಾಕಿಕೊಂಡು, ಅಡ್ಡಗಂಬದ ಹತ್ತಿರ ನಿಂತ ಕಾವಲಿನವನ ಮೇಲೆ ಹೋದೆ. ತೆಳ್ಳನೆಯ ಮನುಷ್ಯ, ಖಾಕಿ ಅಂಗಿ, ಕುತ್ತಿಗೆಗೆ ಸೀಟಿ.

"ಇದನ್ನ ಎತ್ತಪ್ಪಾ. ಕುಬುಸಕ್ಕ ಹೊಂಟೀವಿ."

"ಎತ್ತಾಕ ಬರಂಗಿಲ್ರಿ ಅಮ್ಮಾರ."

"ಯಾಕ, ಕೈ ನೋಯ್ತಾವೇನು?"

"ಕೈ ನೋಯಂಗಿಲ್ರಿ, ನೌಕರಿ ಹೋಗ್ತೈತಿ."

ಅವನಿಗೆ ಏನೇನು ಅಂದೆನೋ, ಈಗ ಬರೆಯಲು ನಾಚಿಕೆ. ನಿನ್ನ ಸೀಟಿ ಒಲೆಗೆ ಹಾಕ್ತೀನಿ ಅಂದದ್ದು ನೆನಪಿದೆ. ಅವನು ಎಲ್ಲ ಕೇಳಿಸಿಕೊಂಡು, "ಬಸ್ಸು ಒಂಬತ್ತಕ್ಕ ಐತ್ರಿ, ಜಲ್ದಿ ಹೋದ್ರ ಸೀಟ್ ಸಿಗ್ತೈತಿ" ಅಂದ. ಹೋದೆವು. ಸೀಟು ಸಿಕ್ಕಿತು. ಅದಕ್ಕೂ ನನಗೆ ಸಿಟ್ಟು.

ಸಂಜೆ ನಾಲ್ಕಕ್ಕೆ ತಿರುಗಿ ಬಂದು ಬಸ್‌ ಸ್ಟ್ಯಾಂಡಿನಿಂದ ನಡೆದು ಬಜಾರಿನೊಳಗೆ ಕಾಲಿಟ್ಟಾಗ, ಇದು ನಮ್ಮ ಬಜಾರೋ ಬೇರೆಯದೋ ಅಂತ ಒಂದು ಗಳಿಗೆ ನಿಂತೆ. ಮೂವತ್ತೆಂಟು ವರ್ಷ ಈ ಬೀದಿಯಲ್ಲಿ ಬಾಳುವೆ ಮಾಡಿದ್ದೇನೆ, ನಮ್ಮ ಅಂಗಡಿಯ ಸದ್ದು ಬೀದಿಯ ತುದಿಗೆ ಕೇಳುತ್ತದೆ ಅಂತ ಗೊತ್ತೇ ಇರಲಿಲ್ಲ. ಯಾರೋ ತಾಟು ಆರಿಸುತ್ತಿದ್ದರು, ಠಣ್ ಅಂತ ಬಂತು. ಹಾರ್ನಿಲ್ಲ, ಹೊಗೆ ಇಲ್ಲ, ನಡುರಸ್ತೆಯಲ್ಲಿ ನಾಯಿ ಕಾಲು ಚಾಚಿ ಮಲಗಿತ್ತು. ಮೊಮ್ಮಗಳು ಟೊಂಕದ ಮೇಲೆ ಹಾವಿನ ಹಾಗೆ ಹೊರಳತೊಡಗಿದಳು. ಇಳಿಸು ಅಂತ. ಇಳಿಸಿದೆ. ಅವಳು ಆ ಬಜಾರಿನ ಒಂದೇ ಒಂದು ಕಾರಿನ, ಅಜ್ಜ ಒರೆಸಿದ ಕಾರಿನ ಬಂಪರು ಹಿಡಿದು ಎದ್ದು ನಿಂತಳು.

ಮಂಚ ಹಿಡಿದು ಎಷ್ಟೋ ಸಲ ನಿಂತಿದ್ದಳು. ಆದರೆ ನಿಂತು ಸುತ್ತ ನೋಡಿದ್ದು ಅದೇ ಮೊದಲು. ಗೌಡರು ಹೊಲ ನೋಡುವ ಹಾಗೆ ನೋಡಿದಳು.

ಎರಡನೆಯ ಭಾನುವಾರ ಯಜಮಾನರು ಕಾರನ್ನು ಮೈದಾನಕ್ಕೆ ಬಿಟ್ಟು ಬಂದರು. ಸಂಜೆಯ ತನಕ ಮೂರು ಸಲ ಹೋಗಿ ನೋಡಿ ಬಂದರು. ಮೊಮ್ಮಗಳು ನನ್ನ ಸೆರಗು ಹಿಡಿದು ನಿಂತಳು, ಕುಳಿತಳು, ನಿಂತಳು. ಮೂರನೆಯ ಭಾನುವಾರ ಐದು ಗಂಟೆಗೆ, ಸೆರಗು ಬಿಟ್ಟಳು. ನಡುರಸ್ತೆಯ ಆ ನಾಯಿಯ ಕಡೆ ಮುಖ ಮಾಡಿ ಒಂದು, ಎರಡು, ಮೂರು, ನಾಲ್ಕು. ನಾಲ್ಕು ಹೆಜ್ಜೆ. ನಾಯಿ ಎದ್ದು ಹೋಯಿತು, ಇವಳು ಕುಂಡಿ ಊರಿ ಕುಳಿತಳು. ನಾನೂ ಅಲ್ಲೇ ಕುಳಿತೆ. ಅಳುತ್ತಿದ್ದೆ, ನಗುತ್ತಿದ್ದೆ, ಬಟ್ಟೆ ಅಂಗಡಿಯವರು "ಅಕ್ಕಾರ, ಬಿದ್ರೇನ್ರಿ?" ಅಂತ ಓಡಿ ಬಂದರು. ಸೊಸೆ ಮೇಲಿನ ಕಿಟಕಿಯಿಂದ ಅಷ್ಟನ್ನೂ ಫೋನಿನಲ್ಲಿ ಹಿಡಿದಿದ್ದಳು.

ಈಗ ನಮ್ಮ ತವರಿನ ಒಂದು ಪದ್ಧತಿ ಹೇಳಬೇಕು. ಕೂಸು ಬೋರಲು ಬಿದ್ದರೆ ಕಡುಬು, ಹೊಸ್ತಿಲು ದಾಟಿದರೆ ಹೋಳಿಗೆ, ಹೆಜ್ಜೆ ಇಟ್ಟರೆ ಶೇಂಗಾ ಉಂಡಿ. ಹೆಜ್ಜೆಯ ಉಂಡಿಗೆ ಒಂದು ಕಟ್ಟು ಇದೆ: ಮೊದಲ ಹೆಜ್ಜೆಯನ್ನು ಯಾರ್ಯಾರು ಕಣ್ಣಾರೆ ಕಂಡರೋ ಅವರೆಲ್ಲರ ಬಾಯಿಗೂ ಉಂಡಿ ಬೀಳಬೇಕು. ಒಬ್ಬರು ತಪ್ಪಿದರೂ ಅವರ ದೃಷ್ಟಿ ಕೂಸಿನ ಪಾದಕ್ಕೆ ಅಂಟಿಕೊಳ್ಳುತ್ತದೆ, ಹೆಜ್ಜೆ ಹಿಂದಕ್ಕೆ ಹೋಗುತ್ತದೆ. ಮನೆಯೊಳಗೆ ನಡೆದರೆ ನಾಲ್ಕು ಉಂಡಿಯಲ್ಲಿ ಮುಗಿಯುವ ಮಾತು. ನನ್ನ ಬಂಗಾರ ನಡೆದದ್ದು ಭಾನುವಾರ ಸಂಜೆ ತುಂಬಿದ ಬಜಾರಿನ ನಟ್ಟನಡುವೆ.

ಸೋಮವಾರ ಇಡೀ ದಿನ ಶೇಂಗಾ ಹುರಿದು, ಬೆಲ್ಲ ಕುಟ್ಟಿ ಉಂಡಿ ಕಟ್ಟಿದೆವು. ಅಂಗಡಿಯ ಹೊಸ ಡಬರಿಗಳನ್ನೇ ಇಳಿಸಿಕೊಂಡೆವು. ಮಂಗಳವಾರ ನಾನು ಮನೆ ಮನೆಗೆ ಹೊರಟೆ. ಅದೇ ಹಸಿರು ಚೀಲ, ಅದೇ ಕೂಸು, ಅದೇ ಬಾಗಿಲು.

ಔಷಧದ ಅಂಗಡಿಯವರು ಚೀಲ ನೋಡಿದ ಕೂಡಲೇ ಜೇಬಿನ ಪೆನ್ನು ತೆಗೆದರು.

"ಸಹಿ ಬ್ಯಾಡ್ರಿ. ಉಂಡಿ ತಂದೀನಿ."

"ಹೋದ ಸಲ ಕಾರು ಬರ್ಲಿ ಅಂತ ಬಂದಿದ್ರಿ. ಈ ಸಲ?"

"ಈ ಸಲ ಕೂಸು ನಡದೈತಂತ ಬಂದೀನ್ರಿ."

"ಎಲ್ಲಿ ನಡೀತು?"

"ನೀವ ನೋಡಿದ್ರಲ್ರಿ, ಕಟ್ಟಿ ಮ್ಯಾಲ ಕುಂತು."

"ನೋಡಿದ್ನಿ. ನಿಮ್ಮ ಬಾಯಿಂದ ಕೇಳಬೇಕಂತ ಕೇಳಿದ್ನಿ" ಅಂದು ಉಂಡಿ ಬಾಯಿಗೆ ಹಾಕಿಕೊಂಡರು.

ಬಳೆ ಅಂಗಡಿಯ ಹೆಂಗಸು ಎರಡು ತೆಗೆದುಕೊಂಡಳು. ಭಾನುವಾರ ಹೆಣ್ಣುಮಕ್ಕಳು ಅವಸರವಿಲ್ಲದೆ ನಿಂತು ಬಳೆ ಆರಿಸುತ್ತಾರೆ, ಹಿಂದಿನಿಂದ ಯಾರೂ ಹಾರ್ನು ಹೊಡೆಯುವುದಿಲ್ಲ ಅಂದಳು. ಚಹಾದವನು ಹೊಸ ಬೆಂಚು ಹಾಕಿದ್ದ. ಬಟ್ಟೆ ಅಂಗಡಿಯವರು ಮಾತ್ರ ಉಂಡಿ ತಿನ್ನುತ್ತಲೇ ನನ್ನನ್ನು ಕೆಕ್ಕರಿಸಿ ನೋಡಿದರು.

"ಅಕ್ಕಾರ, ಉಂಡಿ ಮಸ್ತ್ ಅದಾವ. ಆದ್ರ ಅರ್ಜಿ ಅರ್ಜಿನ ಮತ್ತ. ಸಭಾದಾಗ ಮೊದ್ಲು ನೀವ ಮಾತಾಡಬೇಕು."

"ಆತ್ರಿ" ಅಂದೆ. ಬಾಯಿ ಆತು ಅಂತು, ಟೊಂಕದ ಮೇಲಿದ್ದವಳು "ಬ್ಯಾಡ" ಅಂದಳು.

ಆ ವಾರ ಕೂಸು ಒಂದು ಹೆಜ್ಜೆಯನ್ನೂ ಇಡಲಿಲ್ಲ. ನಿಲ್ಲಿಸಿದರೆ ಕಾಲು ಮಡಚಿ ಕೂರುವಳು, ಕರೆದರೆ ಅಂಬೆಗಾಲಲ್ಲಿ ಬರುವಳು. ನನಗೆ ಜೀವ ಹೋದಂತಾಯಿತು. ಯಾರೋ ತಪ್ಪಿದ್ದಾರೆ. ಯಾರು? ಮಲಗಿ ಬಜಾರನ್ನೆಲ್ಲ ಕಣ್ಣಿಗೆ ತಂದುಕೊಂಡು ಒಂದೊಂದೇ ಮುಖ ಎಣಿಸಿದೆ. ಕಟ್ಟಕಡೆಗೆ ಹೊಳೆಯಿತು: ಅಡ್ಡಗಂಬದ ಕಾವಲಿನವನು. ಅವನೂ ನೋಡಿದ್ದ, ಸೀಟಿ ಬಾಯಿಂದ ತೆಗೆದು ನಕ್ಕಿದ್ದ. ಸಿಟ್ಟಿನಲ್ಲಿ ಅವನನ್ನು ಮನುಷ್ಯರ ಲೆಕ್ಕದಿಂದಲೇ ತೆಗೆದುಬಿಟ್ಟಿದ್ದೆ.

ನಾಲ್ಕನೆಯ ಭಾನುವಾರ ಬೆಳಿಗ್ಗೆ ಅವನ ಮುಂದೆ ಡಬ್ಬಿ ಹಿಡಿದೆ.

"ಅಮ್ಮಾರ, ನಂಗ ಸಕ್ಕರಿ ಕಾಯಿಲೆ ಐತ್ರಿ."

"ಒಂದ ಒಂದು ತಿನ್ನಪ್ಪ. ಕೂಸಿನ ಕಾಲಿನ ಪ್ರಶ್ನೆ."

"ಡಾಕ್ಟರ್ ಬೈತಾರ್ರಿ."

"ನಾ ಬೈಯೂದು ಕೇಳೀಯಲ್ಲ. ಡಾಕ್ಟರ್ ಅದಕ್ಕಿಂತ ಜಾಸ್ತಿ ಬೈತಾರೇನು?"

ಅವನು ನಕ್ಕು, ಚೂರು ಮುರಿದು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಮಗಳಿಗೆ ಅಂತ ಕರವಸ್ತ್ರದಲ್ಲಿ ಕಟ್ಟಿಕೊಂಡ. ಅವತ್ತು ಸಂಜೆ ಕೂಸು ಒಂಬತ್ತು ಹೆಜ್ಜೆ ನಡೆಯಿತು. ನೋಡಿದೆಯಾ ಅಂತ ಸೊಸೆಯ ಮುಂದೆ ಕುಣಿದೆ. ಸೋಮವಾರ ಮತ್ತೆ ಕೂತಿತು.

"ಇನ್ನೂ ಯಾರೋ ಬಿಟ್ಟುಹೋಗ್ಯಾರ" ಅಂದೆ.

ಅಷ್ಟರಲ್ಲಿ ಸಂಡೂರಿನ ಫೋನು. "ನಾನೂ ನೋಡೀನ್ರಿ ಕೂಸಿನ ಹೆಜ್ಜಿ, ಫೋನಿನ್ಯಾಗ. ನನ್ನ ಉಂಡಿ ಎಲ್ರಿ?"

ಫೋನಿನಲ್ಲಿ ಕಂಡರೆ ಕಂಡಂತೆಯೋ ಅಲ್ಲವೋ? ನಮ್ಮ ಅವ್ವ ಇದನ್ನು ಹೇಳಿಕೊಟ್ಟಿರಲಿಲ್ಲ. ತಂಟೆ ಬೇಡ ಅಂತ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಒಂದು ಡಬ್ಬಿ ಸಂಡೂರಿಗೆ ಕಳಿಸಿದೆ. ಐದನೆಯ ಭಾನುವಾರ ಕೂಸು ಬಳೆ ಅಂಗಡಿಯಿಂದ ನಮ್ಮ ಅಂಗಡಿಯ ತನಕ ನಡೆಯಿತು. ಸೋಮವಾರ ಕೂತಿತು.

ಆಗ ಸೊಸೆ ಕೈಯಲ್ಲಿದ್ದ ಲಟ್ಟಣಿಗೆ ಕೆಳಗಿಟ್ಟಳು. "ಅತ್ತಿ, ಇನ್ನ ಉಂಡಿ ಸಾಕ್ರಿ. ಆಕಿ ಭಾನುವಾರ ಅಷ್ಟ ನಡೀತಾಳ. ಮನ್ಯಾಗ ಎರಡು ಹೆಜ್ಜಿ ಇಟ್ರ ಬೀರು, ಮೂರು ಇಟ್ರ ಮಂಚ. ಹಿಂಗಾದ್ರ ಯಾರು ನಡೀತಾರ? ನೀವ ನಡೀತೀರೇನು?"

ನಾನು ಕೋಣೆಯನ್ನು ನೋಡಿದೆ. ನಿಜ. ನಾನೂ ಅಡ್ಡಡ್ಡ ನಡೆಯುತ್ತಿದ್ದೆ.

ಸುದ್ದಿ ಸಂಡೂರಿಗೂ ಮುಟ್ಟಿತು. "ಭಾನುವಾರ ಅಷ್ಟ ನಡಿಯೂ ಕೂಸು ನಾ ಎಲ್ಲೂ ಕೇಳಿಲ್ರಿ" ಅಂದರು ಬೀಗಿತ್ತಿ. "ವಾರಕ್ಕ ಒಂದು ದಿನದ ನಡಿಗಿ ನಡಿಗಿನ? ಆ ಎಂಟು ವಾರ ಮುಗಿದ್ರ ಅದೂ ಇಲ್ಲ. ಶ್ರಾವಣಕ್ಕ ಬರ್ತೀನಿ, ಬಟ್ಟಿ ಕಟ್ಟಿ ಇಡ್ರಿ."

ಅವರು ಹೇಳಿದ್ದು ಸರಿಯೇ ಇತ್ತು. ಎಂಟು ವಾರ ಮುಗಿದರೆ ಬೀದಿಗೆ ಗಾಲಿ ಬರುತ್ತವೆ, ಕೂಸು ಕೂರುತ್ತದೆ, ಸಂಡೂರಿಗೆ ಹೋಗುತ್ತದೆ. ಹಾಗೆ ಆಗಲಿ ಅಂತ ಬೇಡಿಕೊಂಡ ಕಾಗದದ ಮೇಲೆ ಎಲ್ಲಕ್ಕಿಂತ ಮೊದಲು ಮಲಗಿದ್ದದ್ದು ನನ್ನ ಸಹಿಯ ಹಲ್ಲಿ.

ಉಳಿದ ಭಾನುವಾರಗಳನ್ನು ನಾನು ಕಣ್ಣು ಬಿಟ್ಟು ನೋಡಿದೆ. ಎಲ್ಲವೂ ಬಂಗಾರವಾಗಿತ್ತು ಅನ್ನುವುದಿಲ್ಲ. ಕಂಪ್ಲಿಯಿಂದ ಮದುವೆಯ ಪಾತ್ರೆಗೆ ಬಂದವರು ಎರಡು ತಾಮ್ರದ ಹಂಡೆಗಳನ್ನು ತಲೆಯ ಮೇಲೆ ಹೊತ್ತು ಮೈದಾನದ ತನಕ ನಡೆದರು. ಹೋಗುವಾಗ ನಮ್ಮ ವಂಶವನ್ನೆಲ್ಲ ನೆನೆಸಿಕೊಂಡು ಹೋದರು. ಹಿಂದಿನ ಬೀದಿಯ ಮುದುಕಪ್ಪ ಮೊಣಕಾಲು ಹಿಡಿದು ಔಷಧದ ಅಂಗಡಿಗೆ ಬರಲು ಅರ್ಧ ತಾಸು ತೆಗೆದುಕೊಂಡ. ಇನ್ನೊಂದು ಕಡೆ, ಫುಟ್‌ಪಾತಿನ ಮೇಲೆ ಕಾರು ನಿಲ್ಲುತ್ತಿದ್ದ ಜಾಗದಲ್ಲಿ ನನ್ನ ಯಜಮಾನರು ಒಂದು ಕುರ್ಚಿ ಹಾಕಿದರು. ಪಾಪಿನಾಯಕನಹಳ್ಳಿಯ ಹಳೆಯ ಗೆಳೆಯರು ಬಂದರೆ ಇನ್ನೊಂದು ಕುರ್ಚಿ. ಎಂಟನೆಯ ವಾರದ ಹೊತ್ತಿಗೆ ಐದು ಕುರ್ಚಿ. ಕಾರು ನೋಡಲು ಮೈದಾನಕ್ಕೆ ಹೋಗುವುದನ್ನು ಯಾವ ವಾರ ಬಿಟ್ಟರೋ ಅವರಿಗೇ ಗೊತ್ತಿಲ್ಲ.

ಸಭೆ ಬುಧವಾರ, ಶಾಲೆಯ ಸಭಾಂಗಣದಲ್ಲಿ ನಡೆಯಿತು. ಮೇಜಿನ ಹಿಂದೆ ಕನ್ನಡಕದ ಅಧಿಕಾರಿ, ಮುಂದೆ ನಮ್ಮ ಅರ್ಜಿ. ನಾನು ಮೊದಲ ಸಾಲಿನಲ್ಲಿ ಕೂಸಿನ ಸಮೇತ ಕೂತಿದ್ದೆ. ಹಿಂದೆ ಕೂತವರೆಲ್ಲ ನಾನು ಸಹಿ ಮಾಡಿಸಿದವರು. ಅವರ ಮುಂದೆ ಮಾತು ತಿರುಗಿಸಿದರೆ ನಾಳೆ ಬಜಾರಿನಲ್ಲಿ ಮುಖ ಹೇಗೆ ಎತ್ತಲಿ?

"ಮೊದಲನೆಯ ಸಹಿ ಯಾರದು?" ಅಂತ ಅಧಿಕಾರಿ ಕೇಳಿದರು. ಬಟ್ಟೆ ಅಂಗಡಿಯವರು ಹೆಮ್ಮೆಯಿಂದ ನನ್ನ ಕಡೆ ಕೈ ಮಾಡಿದರು. ಎದ್ದು ನಿಂತೆ.

"ಸಾಹೇಬ್ರ, ಆ ಸಹಿ ನಂದ್ರಿ. ಅದನ್ನ ತೆಗೀರಿ."

ಅಧಿಕಾರಿ ಕನ್ನಡಕ ಮೇಲಕ್ಕೆ ಸರಿಸಿದರು.

"ತೆಗೆಯೋಕೆ ಬರಲ್ಲಮ್ಮ. ಬೇಕಾದರೆ ಬೇರೆ ಕಾಗದ ಬರೆದು ಕೊಡಿ."

"ಬರೀಲಿಕ್ಕ ಕುಂತ್ರ ನಾಳಿ ಆಗ್ತೈತ್ರಿ. ಬಾಯಿಲೆ ಹೇಳ್ತೀನಿ. ಭಾನುವಾರ ಹಿಂಗ ಇರ್ಲಿ."

"ಅಕ್ಕಾರ" ಅಂತ ಬಟ್ಟೆ ಅಂಗಡಿಯವರು ಎದ್ದರು, "ಮನಿ ಮನಿಗೆ ಬಂದು ಸಹಿ ಮಾಡಿಸಿದ್ರಿ. ಈಗ ನಮ್ಮನ್ನ ನಡುನೀರಾಗ ಬಿಡ್ತೀರೇನು?"

"ತಪ್ಪಾತ್ರಿ. ಆವಾಗ ನಾ ನೋಡಿದ್ದಿಲ್ಲ, ಬ್ಯಾಡ ಅಂದೆ. ಈಗ ನೋಡೀನಿ. ನನ್ನ ಮೊಮ್ಮಗಳಿಗೆ ನಡ್ಯಾಕ ಜಾಗ ಇರೂದು ಆ ಒಂದು ದಿನ. ಆರು ದಿನ ಆಕಿ ಕುಂತಿರ್ತಾಳ್ರಿ. ಅದನ್ನೂ ತೆಗದ್ರ ಸಂಡೂರಿಗೆ ಕಳಸಬೇಕಾಗ್ತೈತಿ."

"ಸಂಡೂರಿಗೆ ಯಾಕಮ್ಮ?" ಅಂದರು ಅಧಿಕಾರಿ. ಅದನ್ನು ಹೇಳಿದೆ. ಅಂಗಳ, ಬೇವಿನ ಮರ, ಉಂಡಿ, ಎಲ್ಲ ಹೇಳಿದೆ. ಜನ ನಗುತ್ತಿದ್ದರು, ನಾನು ನಿಲ್ಲಿಸಲಿಲ್ಲ. ಕೊನೆಗೆ ಹಂಡೆಯ ಮಾತನ್ನೂ ಹೇಳಿದೆ: ಭಾರದ ಸಾಮಾನಿಗೆ ತಳ್ಳುಗಾಡಿ ಬಿಡಬೇಕು, ನಡೆಯಲಾರದವರಿಗೆ ಒಂದು ಆಟೋ ಬಿಡಬೇಕು. ಮುದುಕಪ್ಪ ಹಿಂದಿನಿಂದ "ಹೌದು" ಅಂದ.

"ಶೇಂಗಾ ಉಂಡಿ ತಿನ್ನಿಸಿ ಬಜಾರ ಮುಳುಗಿಸಿದ್ರಿ" ಅಂದರು ಬಟ್ಟೆ ಅಂಗಡಿಯವರು.

"ನೀವೂ ಮೂರು ತಿಂದೀರಲ್ರಿ."

ಭಾನುವಾರ ಹೀಗೇ ಇರಲಿ ಅನ್ನುವವರಿಗೆ ಕೈ ಎತ್ತಲು ಹೇಳಿದರು. ಬಳೆಯವಳು ಎತ್ತಿದಳು, ಚಹಾದವನು ಎರಡೂ ಕೈ ಎತ್ತಿ ಬೈಸಿಕೊಂಡ, ಔಷಧದವರು ಆಟೋ ಕೊಟ್ಟರೆ ಮಾತ್ರ ಅಂತ ಹೇಳಿ ಎತ್ತಿದರು. ನನ್ನ ಯಜಮಾನರ ಕೈ ಅರ್ಧಕ್ಕೆ ನಿಂತಿತು. ಅದು ಎತ್ತಿದ್ದೋ ಕಿವಿ ತುರಿಸಿದ್ದೋ ಅಂತ ಅಧಿಕಾರಿ ಕೇಳಿದರು. "ಎತ್ತಿದ್ದ ಅಂತ ಬರ್ಕೊಳ್ರಿ" ಅಂದರು, ಇನ್ನೊಬ್ಬರ ಸುದ್ದಿ ಹೇಳುವ ಹಾಗೆ. ಬಟ್ಟೆ ಅಂಗಡಿಯವರು ಎತ್ತಲೇ ಇಲ್ಲ. ಇವತ್ತಿಗೂ ಅವರು ಒಪ್ಪಿಲ್ಲ, ಅವರೊಬ್ಬರೇ ಅಲ್ಲ, ಬಹಳ ಮಂದಿ ಒಪ್ಪಿಲ್ಲ. ಆದರೆ ಎತ್ತಿದ ಕೈ ನಾಲ್ಕು ಹೆಚ್ಚಿದ್ದವು. ಭಾನುವಾರ ಉಳಿಯಿತು.

ಮುಂದಿನ ಭಾನುವಾರ ಸಂಡೂರಿನ ಬೀಗಿತ್ತಿ ಬಂದರು. ಶ್ರಾವಣ ಹತ್ತಿತ್ತು, ಕೂಸನ್ನು ಒಯ್ಯಲು ಖಾಲಿ ಬುಟ್ಟಿಯನ್ನೂ ತಂದಿದ್ದರು. ಬಸ್‌ ಸ್ಟ್ಯಾಂಡಿನಿಂದ ನಡೆದು ಬಜಾರಿನೊಳಗೆ ಬಂದವರು ಬುಟ್ಟಿ ಕಂಕುಳಲ್ಲೇ ಇಟ್ಟುಕೊಂಡು ನಿಂತುಬಿಟ್ಟರು. ನಾನು ಕೂಸನ್ನು ನೆಲಕ್ಕೆ ಬಿಟ್ಟು, "ಹೋಗು" ಅಂದೆ. ಅದು ಹೋಯಿತು, ಅವರ ತನಕ ಹೋಗಿ ಸೀರೆಯ ನಿರಿಗೆ ಹಿಡಿಯಿತು. ಬೀಗಿತ್ತಿಯ ಕಣ್ಣು ತುಂಬಿದವು. ಅವರೂ ಅಜ್ಜಿಯೇ ಅಲ್ಲವೇ ಅಂತ ನನಗೆ ಅವತ್ತೇ ಮೊದಲು ಹೊಳೆದದ್ದು.

"ಭಾಳ ದೊಡ್ಡ ಅಂಗಳ ಐತ್ರಿ ನಿಮ್ದು" ಅಂದರು.

"ವಾರಕ್ಕೊಂದಿನ ಅಷ್ಟ್ರಿ. ಉಳಿದ ಆರು ದಿನ ನಿಮ್ದೂ ಬೇಕಾಗ್ತೈತಿ. ಒಂದು ವಾರ ಕರ್ಕೊಂಡು ಹೋಗ್ರಿ. ಭಾನುವಾರಕ್ಕ ಮಾತ್ರ ತಿರುಗಿ ತರಬೇಕು."

ಇಷ್ಟು ಸುಲಭವಾಗಿ ನನ್ನ ಬಾಯಿಂದ ಬಂತೇ ಅಂತ ಸೊಸೆ ಕಿಟಕಿಯಿಂದ ಬಗ್ಗಿ ನೋಡಿದಳು.

ಅವತ್ತು ಮಧ್ಯಾಹ್ನ ಪೂರ್ತಿ ನಾವಿಬ್ಬರೂ ಕೂಸಿನ ಹಿಂದೆ ತಿರುಗಿದೆವು. ಬಳೆ ಅಂಗಡಿ, ಚಹಾದ ಬೆಂಚು, ಐದು ಕುರ್ಚಿಗಳ ಕೆಳಗೆ, ಮತ್ತೆ ಬಳೆ ಅಂಗಡಿ. ನಾಲ್ಕು ಗಂಟೆಗೆ ಇಬ್ಬರ ಮೊಣಕಾಲೂ ಮುಗಿದವು. ಬೀಗಿತ್ತಿ ಸುತ್ತ ಒಮ್ಮೆ ನೋಡಿ, ಸೀರೆ ಒತ್ತಿಕೊಂಡು, ನಡುರಸ್ತೆಯಲ್ಲಿ ಕುಳಿತೇಬಿಟ್ಟರು. ನಾನೂ ಪಕ್ಕದಲ್ಲಿ ಕುಳಿತು ಕಾಲು ಚಾಚಿದೆ. ನೆಲ ಬೆಚ್ಚಗಿತ್ತು. ಬೀಗಿತ್ತಿ ಎಲೆ ಅಡಿಕೆಯ ಚೀಲ ಬಿಚ್ಚಿ, ಸುಣ್ಣ ಹಚ್ಚಿ ನನಗೊಂದು ಎಲೆ ಕೊಟ್ಟರು. ಅಷ್ಟರಲ್ಲಿ ಕೂಸು ಬಾಳೆಹಣ್ಣಿನ ಬಂಡಿಯ ಕಡೆ ಹೊರಟಿತು. ಕೈ ಬೀಸಿಕೊಂಡು, ಹಿಂದಿರುಗಿ ನೋಡದೆ.

"ನಿಮ್ಮ ಮೊಮ್ಮಗಳು ಹೊಂಟಾಳ, ಏಳ್ರಿ" ಅಂದೆ.

"ಇಲ್ಲಿ ಇದ್ದಾಗ ನಿಮ್ಮ ಮೊಮ್ಮಗಳ್ರಿ. ನೀವ ಏಳ್ರಿ" ಅಂದರು ಬೀಗಿತ್ತಿ, ಎಲೆ ಮಡಚುತ್ತಾ.